ನಾಳೆ ಬರುವ ತೆರಿಗೆ ನಂಬಿ ಇವತ್ತೇ ಸಾಲ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮುಂದೆ ಆಸ್ತಿ ತೆರಿಗೆ ಹೆಚ್ಚಾಗುತ್ತದೆ ಅನ್ನುವ ಲೆಕ್ಕದ ಮೇಲೆ ಈಗಲೇ ರಸ್ತೆ, ಒಳಚರಂಡಿ, ರೈಲು ನಿಲ್ದಾಣ ಕಟ್ಟುತ್ತಾರಂತೆ. ಹೊಸ ತೆರಿಗೆಯೇ ಇಲ್ಲವಂತೆ. ಹಾಗಾದರೆ ದುಡ್ಡು ಎಲ್ಲಿಂದ ಬರುತ್ತದೆ?

ಉತ್ತರ: ಅದೇ ಜಾಗದಿಂದ, ಆದರೆ ಮುಂದಿನ ವರ್ಷಗಳಲ್ಲಿ. ಇದಕ್ಕೆ ಟ್ಯಾಕ್ಸ್ ಇನ್‌ಕ್ರಿಮೆಂಟ್ ಫೈನಾನ್ಸಿಂಗ್ ಅನ್ನುತ್ತಾರೆ, ಚಿಕ್ಕದಾಗಿ ಟಿಫ್. ಮೊದಲು ನಕ್ಷೆಯಲ್ಲಿ ಒಂದು ಗಡಿ ಎಳೆಯುತ್ತಾರೆ. ಅದರೊಳಗಿನ ಆಸ್ತಿಗಳಿಂದ ಈಗ ವರ್ಷಕ್ಕೆ 100 ಕೋಟಿ ತೆರಿಗೆ ಬರುತ್ತಿದೆ ಅಂದುಕೊಳ್ಳಿ. ಆ 100 ಕೋಟಿ ನಗರಾಡಳಿತ, ಶಾಲೆ, ಗ್ರಂಥಾಲಯಗಳಿಗೆ ಎಂದಿನಂತೆ ಹೋಗುತ್ತಲೇ ಇರುತ್ತದೆ. ಕೆಲವು ವರ್ಷಗಳ ನಂತರ ತೆರಿಗೆ 160 ಕೋಟಿಗೆ ಏರಿತು ಅನ್ನಿ, ಮೇಲಿನ 60 ಕೋಟಿ ಮಾತ್ರ ಬೇರೆ ಖಾತೆಗೆ ಬೀಳುತ್ತದೆ. ಆ ಹಣವನ್ನು ನಂಬಿ ಮೊದಲೇ ಬಾಂಡ್ ಮಾರಿ ಸಾಲ ಎತ್ತಿರುತ್ತಾರೆ, ಕಾಮಗಾರಿ ಮುಗಿಸಿರುತ್ತಾರೆ, ಆಮೇಲೆ ವರ್ಷವರ್ಷವೂ ಆ ಖಾತೆಯಿಂದಲೇ ಅಸಲು, ಬಡ್ಡಿ ಕಟ್ಟುತ್ತಾರೆ.

ಇದು 1952ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶುರುವಾಯಿತು. ಈಗ ಆ ದೇಶದ ಹೆಚ್ಚುಕಡಿಮೆ ಎಲ್ಲ ರಾಜ್ಯಗಳಲ್ಲೂ ಇದಕ್ಕೆ ಕಾನೂನಿದೆ. ಇಲಿನಾಯ್ ರಾಜ್ಯದಲ್ಲಿ ಹೆಚ್ಚುವರಿ ತೆರಿಗೆ ಹೀಗೆ ಬೇರೆ ಖಾತೆಗೆ ಹೋಗುವ ಅವಧಿ 23 ವರ್ಷ. ಶಾಸನಸಭೆ ಒಪ್ಪಿದರೆ ಇನ್ನೂ 12 ವರ್ಷ.

ಪ್ರಶ್ನೆ: ಹೊಸ ತೆರಿಗೆ ಇಲ್ಲ ಅಂದಮೇಲೆ ಯಾರಿಗೂ ನಷ್ಟ ಇಲ್ಲ, ಅಲ್ವಾ?

ಉತ್ತರ: ಇಲ್ಲೇ ಜನ ಮೋಸ ಹೋಗೋದು. ಆ 60 ಕೋಟಿ ಏರಿದ್ದು ಯಾತಕ್ಕೆ ಅಂತ ಮೊದಲು ಕೇಳಿ. ಯೋಜನೆ ಇಲ್ಲದಿದ್ದರೂ ಬೆಲೆಯೇರಿಕೆಯಿಂದ ಆಸ್ತಿಯ ಬೆಲೆ ಒಂದಿಷ್ಟು ಹೆಚ್ಚುತ್ತದೆ. ಆ ಕಡೆಗೆ ಊರು ಹೇಗೂ ಬೆಳೆಯುತ್ತಿದ್ದರೆ ಇನ್ನೂ ಜಾಸ್ತಿ. ಹಾಗೆ ತಾನಾಗಿಯೇ ಏರಿದ ಪಾಲು ಶಾಲೆಗೆ, ಆಸ್ಪತ್ರೆಗೆ ಸೇರಬೇಕಾಗಿತ್ತು. ಗಡಿ ಎಳೆದ ತಕ್ಷಣ ಅದೂ ಯೋಜನೆಯ ಖಾತೆಗೆ ಹೋಗುತ್ತದೆ. ಶಾಲೆಗೆ ಸಿಗುವುದು ಮೂಲ ವರ್ಷದ, ಅಂದರೆ ಗಡಿ ಎಳೆದ ವರ್ಷದ, ಮೊತ್ತ ಮಾತ್ರ, ಆದರೆ ಮೇಷ್ಟರ ಸಂಬಳ, ಕರೆಂಟ್ ಬಿಲ್ಲು, ಮಕ್ಕಳ ಸಂಖ್ಯೆ ಯಾವುದೂ ಮೂಲ ವರ್ಷದಲ್ಲೇ ನಿಂತಿರುವುದಿಲ್ಲ.

ಶಿಕಾಗೋದಲ್ಲಿ ಇನ್ನೊಂದು ಥರ ಆಗುತ್ತದೆ. ಅಲ್ಲಿ ಶಾಲಾ ಮಂಡಳಿಯಂಥ ಸಂಸ್ಥೆಗಳು ತಮಗೆ ಒಟ್ಟು ಇಷ್ಟು ಹಣ ಬೇಕು ಅಂತ ಮೊದಲು ಹೇಳುತ್ತವೆ, ಅದನ್ನು ತೆರಿಗೆ ಕಟ್ಟುವ ಆಸ್ತಿಗಳ ಮೇಲೆ ಹಂಚಿ ದರ ಗೊತ್ತು ಮಾಡುತ್ತಾರೆ. ಗಡಿಯೊಳಗೆ ಏರಿದ ಬೆಲೆ ಈ ಲೆಕ್ಕಕ್ಕೆ ಸೇರುವುದಿಲ್ಲ. ಹಾಗಾಗಿ ಎಲ್ಲರ ದರ ಒಂದಿಷ್ಟು ಮೇಲೇರುತ್ತದೆ. ಹೊಸ ತೆರಿಗೆ ಇಲ್ಲ ಅನ್ನುವ ಮಾತು ಕಾಗದದ ಮೇಲೆ ನಿಜ. ಬಿಲ್ಲು ಮಾತ್ರ ಏರಿರುತ್ತದೆ.

ಕ್ಯಾಲಿಫೋರ್ನಿಯಾದ ಕಥೆಯನ್ನು ಇನ್ನಷ್ಟು ಜನ ತಿಳಿಯಬೇಕು. ಅಲ್ಲಿ ಈ ಹಣ ನೋಡಿಕೊಳ್ಳುವ ಪುನರಭಿವೃದ್ಧಿ ಸಂಸ್ಥೆಗಳು ಸುಮಾರು 400ಕ್ಕೆ ಬೆಳೆದಿದ್ದವು. ಇಡೀ ರಾಜ್ಯದ ಆಸ್ತಿ ತೆರಿಗೆಯಲ್ಲಿ ಹತ್ತಿರ ಹತ್ತಿರ ಶೇ 12ರಷ್ಟು ಅವುಗಳ ಪಾಲಾಗುತ್ತಿತ್ತು. ಶಾಲೆಗಳಿಗೆ ಬಿದ್ದ ಖೋತಾವನ್ನು ರಾಜ್ಯದ ಖಜಾನೆ ತುಂಬಬೇಕಿತ್ತು. ಬಜೆಟ್ ಬಿಗಡಾಯಿಸಿದಾಗ ಗವರ್ನರ್ ಜೆರ್ರಿ ಬ್ರೌನ್ ಸರಕಾರ ಅವುಗಳನ್ನು ಮುಚ್ಚುವ ಕಾನೂನು ತಂದಿತು, ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು, 2012ರ ಫೆಬ್ರುವರಿಯಲ್ಲಿ ಎಲ್ಲವೂ ಬಾಗಿಲು ಹಾಕಿದವು. ಈ ಪದ್ಧತಿ ಹುಟ್ಟಿದ ಜಾಗದಲ್ಲೇ ಹೀಗಾಯಿತು.

ಪ್ರಶ್ನೆ: ಅಂದುಕೊಂಡಷ್ಟು ಬೆಳವಣಿಗೆ ಆಗದಿದ್ದರೆ ಸಾಲ ತೀರಿಸುವವರು ಯಾರು?

ಉತ್ತರ: ಬಾಂಡಿನ ಕರಾರಿನಲ್ಲಿ ಏನು ಬರೆದಿದೆಯೋ ಅದರ ಮೇಲೆ ಹೋಗುತ್ತದೆ. ನ್ಯೂಯಾರ್ಕಿನ ಹಡ್ಸನ್ ಯಾರ್ಡ್ಸ್ ಬಡಾವಣೆ ನೋಡಿ. ಅಲ್ಲಿ ಸಬ್‌ವೇಯ, ಅಂದರೆ ನಗರದ ಮೆಟ್ರೋ ರೈಲಿನ, 7ನೇ ಮಾರ್ಗ ಮುಂದುವರಿಸುವುದಕ್ಕೂ ಸುತ್ತಲಿನ ಕೆಲಸಗಳಿಗೂ 2006ರಲ್ಲಿ 200 ಕೋಟಿ ಡಾಲರ್, 2011ರಲ್ಲಿ ಮತ್ತೆ 100 ಕೋಟಿ ಡಾಲರ್ ಬಾಂಡ್ ಎತ್ತಿದರು. ಮುಂದೆ ಏಳುವ ಕಟ್ಟಡಗಳು ಆಸ್ತಿ ತೆರಿಗೆಯ ಬದಲಿಗೆ ಕಟ್ಟುವ ಹಣದಿಂದ ಇದು ತೀರಬೇಕಿತ್ತು. ಆದರೆ 2008ರ ಆರ್ಥಿಕ ಕುಸಿತ ಬಂತು. ಕಟ್ಟಡಗಳು ತಡವಾದವು, ಬಡ್ಡಿ ಮಾತ್ರ ತಡೆಯಲಿಲ್ಲ. ಮೊದಲೇ ಮಾತು ಕೊಟ್ಟಿದ್ದರಿಂದ ನಗರ ತನ್ನ ಸಾಮಾನ್ಯ ಬಜೆಟ್‌ನಿಂದ ವರ್ಷಗಟ್ಟಲೆ ಬಡ್ಡಿ ಕಟ್ಟಿತು. ನಿಲ್ದಾಣ ತೆರೆದಿದ್ದು 2015ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ಗೋಪುರಗಳು ಎದ್ದವು, ಆದಾಯವೂ ಬಂತು. ಅಷ್ಟು ವರ್ಷ ಬಡ್ಡಿ ತಡೆದುಕೊಳ್ಳುವ ಶಕ್ತಿ ನ್ಯೂಯಾರ್ಕಿಗಿತ್ತು. ಸಣ್ಣ ಪಟ್ಟಣಕ್ಕೆ ಎಲ್ಲಿರುತ್ತದೆ?

ಇದಕ್ಕಿಂತ ಕ್ಷೇಮದ ದಾರಿಯೂ ಇದೆ. ಖರ್ಚನ್ನು ಮೊದಲು ಬಿಲ್ಡರ್ ಹಾಕುತ್ತಾನೆ, ಹೆಚ್ಚುವರಿ ತೆರಿಗೆ ಬಂದಷ್ಟೂ ಅವನಿಗೆ ವಾಪಸು ಕೊಡುತ್ತಾರೆ. ಬರದಿದ್ದರೆ ನಷ್ಟ ಅವನದು. ನನ್ನನ್ನು ಕೇಳಿದರೆ ಸಣ್ಣ ಊರುಗಳು ಇದನ್ನೇ ಹಿಡಿಯಬೇಕು.

ಪ್ರಶ್ನೆ: ಹಾಗಾದರೆ ಈ ಪದ್ಧತಿಯೇ ಬೇಡ ಅಂತೀರಾ?

ಉತ್ತರ: ಖಂಡಿತ ಇಲ್ಲ. ಲಂಡನ್ನಿನಲ್ಲಿ ನಾರ್ದರ್ನ್ ಲೈನ್ ಅನ್ನುವ ಮೆಟ್ರೋ ಮಾರ್ಗವನ್ನು ಬ್ಯಾಟರ್ಸಿ ಬಡಾವಣೆ ತನಕ ಎಳೆಯಲು ಇದೇ ಥರ 100 ಕೋಟಿ ಪೌಂಡ್ ತನಕ ಸಾಲ ಮಾಡಿದರು. ಅಲ್ಲಿನ ವ್ಯಾಪಾರ ಕಟ್ಟಡಗಳ ತೆರಿಗೆಯಲ್ಲಿ 25 ವರ್ಷ ಆಗುವ ಏರಿಕೆಯನ್ನು ಅದಕ್ಕೆ ಮೀಸಲಿಟ್ಟರು, ಜೊತೆಗೆ ಬಿಲ್ಡರುಗಳಿಂದಲೂ ವಂತಿಗೆ ಕಟ್ಟಿಸಿದರು. 2021ರ ಸೆಪ್ಟೆಂಬರ್‌ನಲ್ಲಿ ಎರಡು ಹೊಸ ನಿಲ್ದಾಣ ತೆರೆದವು. ಹಳೇ ವಿದ್ಯುತ್ ಸ್ಥಾವರವೊಂದು ದಶಕಗಳ ಕಾಲ ಪಾಳು ಬಿದ್ದಿದ್ದ ಜಾಗ ಅದು. ರೈಲು ಬಂದರೆ ಬೆಲೆ ಏರುತ್ತದೆ ಅಂತ ಅಲ್ಲಿ ಧೈರ್ಯವಾಗಿ ಹೇಳಬಹುದಿತ್ತು. ಆಗಲೇ ಕಳೆಕಳೆಯಾಗಿರುವ ಬಡಾವಣೆಗೆ ಗಡಿ ಎಳೆದರೆ ಮಾತ್ರ ನನಗೆ ಸಿಟ್ಟು ಬರುತ್ತದೆ. ಹೇಗೂ ಬರುತ್ತಿದ್ದ ತೆರಿಗೆಯನ್ನು ಶಾಲೆಯ ಕೈಯಿಂದ ಕಿತ್ತುಕೊಂಡ ಹಾಗೆ ಅದು. ಅರ್ಥಶಾಸ್ತ್ರಜ್ಞ ಡೇವಿಡ್ ಮೆರಿಮನ್ 2018ರಲ್ಲಿ 30ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ಟಿಫ್‌ನಿಂದ ಹೇಳಿಕೊಂಡಂಥ ಆರ್ಥಿಕ ಬೆಳವಣಿಗೆ ಹೆಚ್ಚಿನ ಕಡೆ ಆಗಿಲ್ಲ ಅಂತ ಅವರಿಗೆ ಕಂಡಿತು.

ಪ್ರಶ್ನೆ: ನಮ್ಮ ಬೀದಿ ಇಂಥ ಗಡಿಯೊಳಗೆ ಬರುತ್ತದೆ ಅಂತ ಸುದ್ದಿ. ಸಭೆ ಕರೆದರೆ ಏನು ಕೇಳಲಿ?

ಉತ್ತರ: ಈ ಯೋಜನೆ ಇಲ್ಲದಿದ್ದರೆ ಹತ್ತು ವರ್ಷಕ್ಕೆ ತೆರಿಗೆ ಎಷ್ಟಾಗುತ್ತಿತ್ತು ಅಂತ ಮೊದಲು ಕೇಳಿ. ಬರೆದ ಲೆಕ್ಕವೇ ಬೇಕು ಅನ್ನಿ, ಬಾಯಿಮಾತು ಸಾಲದು. ಸಾಲಕ್ಕೆ ನಗರದ ಗ್ಯಾರಂಟಿ ಇದೆಯೋ ಇಲ್ಲವೋ ಕೇಳಿ. ಸಾಲ ಬೇಗ ತೀರಿದರೆ ಖಾತೆ ಅವತ್ತೇ ಮುಚ್ಚುತ್ತದೋ, ಇಲ್ಲ ಉಳಿದ ವರ್ಷಗಳ ಹಣವನ್ನು ಬೇರೆ ಕಾಮಗಾರಿಗೆ ಬಳಸುತ್ತಾರೋ, ಅದನ್ನಂತೂ ಬಿಡಬೇಡಿ. ಬಾಡಿಗೆ ಮನೆಯಲ್ಲಿರುವ ನೆರೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಆಸ್ತಿ ಬೆಲೆ ಏರಿದರೆ ಮಾಲೀಕರಿಗೆ ಲಾಭವಾದರೂ ಇದೆ, ಬಾಡಿಗೆಗೆ ಇರುವವರಿಗೆ ಬಾಡಿಗೆ ಮಾತ್ರ ಏರುತ್ತದೆ.