ಬಣ್ಣದ ಚಿತ್ತಾರದ ಸ್ವೆಟರ್: ತೋಳಿನ ಹೊಲಿಗೆ ಇಳಿಸುವುದು ಹೇಗೆ?

ದಾವಣಗೆರೆಯಿಂದ ನೀವು ಕೇಳಿರುವುದು ಇದು: ತೋಳಿಗೆ 72 ಹೊಲಿಗೆಗಳಿವೆ. ‘ಪ್ರತಿ 6ನೇ ಸುತ್ತಿನಲ್ಲಿ 8 ಬಾರಿ, ಆಮೇಲೆ ಪ್ರತಿ 4ನೇ ಸುತ್ತಿನಲ್ಲಿ 5 ಬಾರಿ, ಕಂಕುಳಿನ ಗುರುತಿನ (ಸುತ್ತು ಶುರುವಾಗುವ ಜಾಗ) ಎರಡೂ ಬದಿ ಒಂದೊಂದು ಹೊಲಿಗೆ ಇಳಿಸಿ, ಅದೇ ವೇಳೆ ಚಾರ್ಟ್ (ಚಿತ್ತಾರದ ಚೌಕಳಿ ನಕ್ಷೆ, ಒಂದು ಚೌಕ ಎಂದರೆ ಒಂದು ಹೊಲಿಗೆ) ಮುಂದುವರಿಸಿ’ ಎಂದು ಹೆಣಿಗೆಯ ಸೂಚನೆಯಲ್ಲಿದೆ. ಮೊದಲು ಯಾವುದು, ಹೊಲಿಗೆ ಇಳಿಸುವುದೋ (ಅಂದರೆ ಕಡಿಮೆ ಮಾಡುವುದೋ), ಚಾರ್ಟೋ?

ಎರಡೂ ಒಟ್ಟಿಗೇ. ಇಂಥ ಸೂಚನೆಯನ್ನು ವಾಕ್ಯದ ಕೊನೆಗೆ ತಳ್ಳುವುದು ಹೆಣೆಯುವವರಿಗೆ ಮಾಡುವ ಅನ್ಯಾಯ. 13 ಬಾರಿ ಎರಡೆರಡು ಇಳಿದರೆ 26 ಹೋಗಿ 46 ಉಳಿಯುತ್ತವೆ. ಒಟ್ಟು 68 ಸುತ್ತು.

ನಿಜವಾದ ತೊಡಕು ಚಿತ್ತಾರದ್ದು. ನಿಮ್ಮ ಚಾರ್ಟ್ 6 ಚೌಕಕ್ಕೊಮ್ಮೆ ಮರುಕಳಿಸುವುದಾದರೆ 72ಕ್ಕೆ ಸರಿಯಾಗಿ ಕೂರುತ್ತದೆ, 70ಕ್ಕೆ ಕೂರುವುದಿಲ್ಲ. ಆದ್ದರಿಂದ ಪ್ರತಿ ಸುತ್ತನ್ನೂ ಮೊದಲ ಚೌಕದಿಂದ ಆರಂಭಿಸಬೇಡಿ. ಒಮ್ಮೆ ಇಳಿಸಿದ ಮೇಲೆ ಎರಡನೇ ಚೌಕದಿಂದ, ಮತ್ತೊಮ್ಮೆ ಇಳಿಸಿದರೆ ಮೂರನೆಯದರಿಂದ. ಆರು ಸಲವಾದಾಗ ಪುನಃ ಮೊದಲನೆಯದಕ್ಕೇ ಬರುತ್ತೀರಿ. ಹೂವು ಹೂವಿನ ನೇರಕ್ಕೇ ಏರುತ್ತದೆ. ಕಂಕುಳಿನ ಕೆಳಗೆ ಮಾತ್ರ ಅರ್ಧರ್ಧ ಕತ್ತರಿಸಿದಂತೆ ಕಾಣುತ್ತದೆ, ಕೈ ಇಳಿಬಿಟ್ಟರೆ ಅದು ಮರೆಯಾಗುತ್ತದೆ. ಗುರುತಿನ ಬಳಿಯ ಒಂದು ಹೊಲಿಗೆಯನ್ನು ಕೊನೆಯವರೆಗೂ ಹಿನ್ನೆಲೆಯ ಬಣ್ಣದಲ್ಲೇ ಹೆಣೆದರೆ ಇನ್ನೂ ಅಂದ.

ತೋಳಿನ ಸುತ್ತಳತೆ ಕಿರಿದಾದ್ದರಿಂದ ಒಳಬದಿಯಲ್ಲಿ ಹಾಯುವ ಇನ್ನೊಂದು ಬಣ್ಣದ ಎಳೆಗಳು ಬಿಗಿಯುತ್ತವೆ. ಮೈಭಾಗಕ್ಕಿಂತ ಒಂದು ಅಳತೆ ದಪ್ಪನೆಯ ಕಡ್ಡಿ ಬಳಸಿ. ಚಳ್ಳಕೆರೆ ಕಂಬಳಿಯ ಉಣ್ಣೆ ಬರಿಗೈಗೆ ಒರಟು. ಎರಡೆಳೆಯ ಹೆಣಿಗೆ ಹೇಗೂ ದಪ್ಪ, ನಮ್ಮ ಕಡೆಯ ಚಳಿಗೆ ತೆಳುವಾದ ಮೃದು ಉಣ್ಣೆಯೇ ಸಾಕು.