ಸೂತ್ರ ಸರಿಯಿದ್ದರೂ ಸಂಖ್ಯೆ ಕುಣಿಯುವುದೇಕೆ?

ಪ್ರಶ್ನೆ: ಜೀವಿಗಳ ಸಂಖ್ಯೆ ಬೆಳೆಯುವ ಬಗೆಗೆ ಕಾಲೇಜಿನಲ್ಲಿ ಲಾಜಿಸ್ಟಿಕ್ ಅವಕಲ (ಡಿಫರೆನ್ಷಿಯಲ್) ಸಮೀಕರಣ ಕಲಿತೆವು. ಅದರ ಗ್ರಾಫ್ ಮೆಲ್ಲಗೆ ಏರಿ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಅದನ್ನೇ ವರ್ಷವರ್ಷದ ಲೆಕ್ಕವಾಗಿ ಎಕ್ಸೆಲ್‌ನಲ್ಲಿ ಹಾಕಿದೆ: ಮುಂದಿನ ಸಂಖ್ಯೆ = ದರ × ಈಗಿನ ಸಂಖ್ಯೆ × (1 − ಈಗಿನ ಸಂಖ್ಯೆ). ದರ ಎಂದರೆ ಬೆಳವಣಿಗೆಯ ದರ; ಸಂಖ್ಯೆ ಎಂದರೆ ಗರಿಷ್ಠ ಮಿತಿಯ ಎಷ್ಟು ಭಾಗ ಎಂಬ 0ರಿಂದ 1ರೊಳಗಿನ ಲೆಕ್ಕ. ದರ 2.8 ಇದ್ದಾಗ ಸರಿಯಾಗಿಯೇ ಬಂತು. 3.2 ಕೊಟ್ಟರೆ ಎರಡು ಸಂಖ್ಯೆಗಳ ನಡುವೆ ಓಲಾಡುತ್ತದೆ, 4 ಕೊಟ್ಟರೆ ತಲೆಬುಡವಿಲ್ಲ. ನನ್ನ ಸೂತ್ರ ತಪ್ಪೇ ಸರ್?
— ಬಿ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ತಪ್ಪಿಲ್ಲ. ನಿಮ್ಮ ಕಣ್ಣಿಗೆ ಬಿದ್ದಿರುವುದು ವ್ಯತ್ಯಾಸ ಸಮೀಕರಣದ, ಅಂದರೆ ಹೀಗೆ ಹೆಜ್ಜೆಹೆಜ್ಜೆಯಾಗಿ ಹಾಕುವ ಲೆಕ್ಕದ, ನಿಜವಾದ ಗುಣ. ಇದೇ ಸೂತ್ರವನ್ನು ಇಟ್ಟುಕೊಂಡು ವಿಜ್ಞಾನಿ ರಾಬರ್ಟ್ ಮೇ 1976ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ ಲೇಖನ ಪರಿಸರ ವಿಜ್ಞಾನಿಗಳ ಗಮನವನ್ನು ಇತ್ತ ಸೆಳೆಯಿತು.

ಅವಕಲ ಸಮೀಕರಣದಲ್ಲಿ ಕಾಲ ಎಡೆಬಿಡದೆ ಹರಿಯುತ್ತದೆ. ಸಂಖ್ಯೆ ಮಿತಿಯ ಹತ್ತಿರ ಬಂದಂತೆಲ್ಲ ಬೆಳವಣಿಗೆ ಆ ಕ್ಷಣವೇ ತಗ್ಗುತ್ತದೆ. ವ್ಯತ್ಯಾಸ ಸಮೀಕರಣದಲ್ಲಿ ಈ ವರ್ಷದ ಇಕ್ಕಟ್ಟಿನ ಫಲ ಕಾಣುವುದು ಮುಂದಿನ ವರ್ಷ. ವರ್ಷಕ್ಕೊಂದೇ ತಲೆಮಾರು ಇರುವ, ಮೊಟ್ಟೆಯಿಟ್ಟು ಸಾಯುವ ಕೀಟಗಳ ಬದುಕು ಹೀಗೆಯೇ ನಡೆಯುವುದರಿಂದ ಅವುಗಳಿಗೆ ಈ ಲೆಕ್ಕವೇ ಹೆಚ್ಚು ಸರಿ.

ಓಲಾಟ ಎಲ್ಲಿಂದ ಬರುತ್ತದೆ ಎಂಬುದನ್ನು ಕೈಲೆಕ್ಕದಲ್ಲೇ ಹಿಡಿಯಬಹುದು. ಸಂಖ್ಯೆ ಬದಲಾಗದೆ ನಿಲ್ಲುವ ಬಿಂದು 1 − 1/ದರ. ಅಲ್ಲಿ ಸೂತ್ರದ ಇಳಿಜಾರು (ಬಿಂದುವಿನಿಂದ ತುಸು ಸರಿದ ದೂರ ಮುಂದಿನ ವರ್ಷ ಎಷ್ಟು ಪಟ್ಟಾಗುತ್ತದೆ ಎಂಬುದು) 2 − ದರ. ದರ 2.8 ಆದರೆ ಬಿಂದು 0.643, ಇಳಿಜಾರು −0.8. ಅಂದರೆ ಬಿಂದುವಿನಿಂದ 0.01ರಷ್ಟು ಮೇಲೆ ಸರಿದ ಸಂಖ್ಯೆ ಮುಂದಿನ ವರ್ಷ ಸುಮಾರು 0.008ರಷ್ಟು ಕೆಳಗೆ, ಅದರ ಮುಂದಿನ ವರ್ಷ 0.0064ರಷ್ಟು ಮೇಲೆ. ಹೀಗೆ ಅಲುಗಾಟ ಸವೆದು ಹೋಗುತ್ತದೆ. ದರ 3.2 ಆದರೆ ಇಳಿಜಾರು −1.2: ತಪ್ಪಿದ ದೂರ ಪ್ರತಿ ವರ್ಷ ಹಿಗ್ಗುತ್ತದೆ, ಕೊನೆಗೆ 0.513 ಮತ್ತು 0.799ರ ನಡುವಿನ ಓಲಾಟವಾಗಿ ನೆಲೆಯಾಗುತ್ತದೆ. ದರ 3 ದಾಟಿದ ಮೇಲೆ ಎರಡು, ನಾಲ್ಕು, ಎಂಟು ವರ್ಷಗಳ ಚಕ್ರಗಳು ಬಂದು, ಸುಮಾರು 3.57ರ ಆಚೆ ಕೇಯಾಸ್ ಶುರು, ಅಂದರೆ ನಿಯಮವಿದ್ದರೂ ತಲೆಬುಡವಿಲ್ಲದಂತೆ ಕಾಣುವ ಕುಣಿತ.

ದರ 4 ಇಟ್ಟು 0.3 ಮತ್ತು 0.301ರಿಂದ ಎರಡು ಕಾಲಂ ಓಡಿಸಿ ನೋಡಿ. ಮೊದಲ ಹೆಜ್ಜೆಯಲ್ಲಿ 0.840, 0.842, ಎಂಟನೆಯದರಲ್ಲಿ 0.448, 0.719! ಸೂತ್ರದಲ್ಲಿ ಅದೃಷ್ಟಕ್ಕೆ ಜಾಗವೇ ಇಲ್ಲ, ಆದರೂ ದೂರದ ಭವಿಷ್ಯ ಕೈಗೆ ಸಿಗುವುದಿಲ್ಲ. ಇಷ್ಟು ಚಿಕ್ಕ ಗುಣಾಕಾರದೊಳಗೆ ಇದು ಅಡಗಿದೆಯಲ್ಲ ಎಂಬ ಬೆರಗು ನನಗೆ ಇನ್ನೂ ಹೋಗಿಲ್ಲ.

ಇದು ಕಾಗದದ ಮೇಲಿನ ಆಟವಷ್ಟೇ ಅಲ್ಲ. ದೊಡ್ಡ ಹುಳುಗಳು ತಮ್ಮದೇ ಮೊಟ್ಟೆ, ಪ್ಯೂಪಾಗಳನ್ನು (ಕೋಶದ ಹಂತದ ಹುಳುಗಳನ್ನು) ತಿನ್ನುವ ಹಿಟ್ಟಿನ ಹುಳುಗಳ ಮೇಲೆ ಅಮೆರಿಕದ ಕಾಸ್ಟಾಂಟಿನೊ ಮತ್ತು ಸಂಗಡಿಗರು ಪ್ರಯೋಗ ನಡೆಸಿದರು. ಮರಿ, ಪ್ಯೂಪಾ, ದೊಡ್ಡ ಹುಳು ಎಂದು ಮೂರು ವ್ಯತ್ಯಾಸ ಸಮೀಕರಣ ಬರೆದು, ದೊಡ್ಡ ಹುಳುಗಳ ಸಾವಿನ ಪ್ರಮಾಣವನ್ನೂ ಹೊಸದಾಗಿ ಸೇರುವವುಗಳ ಲೆಕ್ಕವನ್ನೂ ಬೇಕೆಂದೇ ಬದಲಿಸಿ, ಸಮೀಕರಣ ಹೇಳಿದ ಕೇಯಾಸ್‌ನತ್ತ ಹುಳುಗಳ ಸಂಖ್ಯೆ ತಿರುಗಿದ್ದನ್ನು 1997ರಲ್ಲಿ ಪ್ರಕಟಿಸಿದರು.

ಇನ್ನೊಂದು ಗ್ರಾಫ್ ಮಾಡಿ ನೋಡಿ. ದರ 4ರ ಕಾಲಂನಲ್ಲಿ ಈ ವರ್ಷದ ಸಂಖ್ಯೆಯನ್ನು ಅಡ್ಡಕ್ಕೂ ಮುಂದಿನ ವರ್ಷದ್ದನ್ನು ಉದ್ದಕ್ಕೂ ಇಡಿ. ತಲೆಬುಡವಿಲ್ಲವೆಂದು ಕಂಡ ಚುಕ್ಕೆಗಳೆಲ್ಲ ಒಂದೇ ಪ್ಯಾರಾಬೋಲಾದ ಮೇಲೆ ಸಾಲಾಗಿ ಕೂರುತ್ತವೆ. ಎಕ್ಸೆಲ್‌ನ ರ‍್ಯಾಂಡಮ್ ಸಂಖ್ಯೆಗಳಿಗೆ ಹೀಗೆಯೇ ಮಾಡಿದರೆ ಚುಕ್ಕೆಗಳು ಚೌಕದ ತುಂಬ ಚೆಲ್ಲಾಡುತ್ತವೆ.