ಬಾವಿಯಲ್ಲಿ ಸಿಕ್ಕ ಬಿಳಿ ಪದರ ಟೋಬಾದ ಬೂದಿಯೇ?

ತೀರ್ಥಹಳ್ಳಿ ಬಳಿಯ ನಿಮ್ಮ ಅಡಿಕೆ ತೋಟದಲ್ಲಿ ಬಾವಿ ತೋಡಿಸುವಾಗ ಜಂಬಿಟ್ಟಿಗೆಯ ಕೆಳಗೆ, ಸುಮಾರು ಇಪ್ಪತ್ತು ಅಡಿ ಆಳದಲ್ಲಿ, ಬೂದಿಯಂಥ ಬಿಳಿ ಪದರ ಕಂಡಿದೆ. ಸುಮಾತ್ರಾದ ಟೋಬಾ ಜ್ವಾಲಾಮುಖಿಯ ಬೂದಿ ಭಾರತದ ತುಂಬ ಬಿದ್ದಿತ್ತು ಎಂದು ಓದಿದ್ದೀರಿ. ಇದು ಅದೇ ಆಗಿರಬಹುದೇ, ಬೂದಿಯಿಂದ ಸ್ಫೋಟದ ಕಾಲವನ್ನು ಹೇಗೆ ಹೇಳುತ್ತಾರೆ ಎಂಬುದು ನಿಮ್ಮ ಪ್ರಶ್ನೆ.

ನಾನು ಶಿವಮೊಗ್ಗದಲ್ಲಿ ಭೂವಿಜ್ಞಾನ ಪಾಠ ಮಾಡುವವಳು. ಇಂಥ ಬಿಳಿ ಮಣ್ಣಿನ ಹೆಂಟೆಯನ್ನು ಕಾಗದದಲ್ಲಿ ಕಟ್ಟಿಕೊಂಡು ಬರುವ ವಿದ್ಯಾರ್ಥಿಗಳು ವರ್ಷಕ್ಕೆ ಒಬ್ಬರಾದರೂ ಇರುತ್ತಾರೆ. ಪ್ರತಿ ಸಲವೂ ನನಗೆ ಸಂತೋಷವೇ ಆಗುತ್ತದೆ. ಆದರೆ ನಿಮ್ಮದು ಬಹುಮಟ್ಟಿಗೆ ಬೂದಿಯಲ್ಲ, ಶೇಡಿ ಮಣ್ಣು. ನಮ್ಮ ಮಳೆ ಕಲ್ಲನ್ನು ಇದ್ದಲ್ಲೇ ಕೊಳೆಸುತ್ತದೆ. ಕಬ್ಬಿಣ ಉಳಿದ ಭಾಗ ಕೆಂಪು ಜಂಬಿಟ್ಟಿಗೆಯಾಗುತ್ತದೆ, ಅದರಡಿಯಲ್ಲಿ ಬಣ್ಣ ಕಳೆದುಕೊಂಡ ಬಿಳಿ ಜೇಡಿ ಉಳಿಯುತ್ತದೆ. ಬಾವಿಯ ಗೋಡೆಯನ್ನು ಹತ್ತಿರದಿಂದ ನೋಡಿ. ಕೆಳಗಿನ ಕಲ್ಲಿನಲ್ಲಿರುವ ಬೆಣಚುಕಲ್ಲಿನ ಗೆರೆ ಮುರಿಯದೆ ಬಿಳಿ ಮಣ್ಣಿನೊಳಗೂ ಹತ್ತಿ ಬಂದಿದ್ದರೆ ಅದು ಅಲ್ಲಿಯೇ ಕೊಳೆತ ಕಲ್ಲು, ಅನುಮಾನವಿಲ್ಲ. ಮೇಲಿನಿಂದ ಬಿದ್ದ ಬೂದಿಯಾದರೆ ಗೆರೆ ಅದರ ಬುಡದಲ್ಲೇ ಕತ್ತರಿಸಿದಂತೆ ನಿಂತುಹೋಗಿರುತ್ತದೆ.

ಇನ್ನೂ ಒಂದು ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಒಣಗಿದ ಚೂರೊಂದನ್ನು ನಾಲಿಗೆಗೆ ತಾಗಿಸಿದರೆ ಶೇಡಿ ಅಂಟಿಕೊಳ್ಳುತ್ತದೆ, ಒದ್ದೆ ಮಾಡಿ ಉಜ್ಜಿದರೆ ಬೆಣ್ಣೆಯಂತೆ ಜಾರುತ್ತದೆ. ಹಾಳಾಗದ ಬೂದಿ ಬೆರಳ ನಡುವೆ ಸಣ್ಣಗೆ ಕರಕರ ಎನ್ನುತ್ತದೆ. ಒಂದು ಚಮಚ ಮಣ್ಣನ್ನು ನೀರಿನಲ್ಲಿ ಕದಡಿ, ಅಕ್ಕಿ ಜಾಲಿಸಿದ ಹಾಗೆ ಏಳೆಂಟು ಸಲ ಜಾಲಿಸಿ, ತಳದಲ್ಲಿ ಉಳಿದದ್ದನ್ನು ಒಣಗಿಸಿ ಸೂಕ್ಷ್ಮದರ್ಶಕದ ಕೆಳಗಿಡಬೇಕು. ಬೂದಿಯೆಂಬ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಅದು ಏನನ್ನೋ ಸುಟ್ಟು ಉಳಿದದ್ದಲ್ಲ, ಗಾಜು. ಶಿಲಾಪಾಕದೊಳಗಿನ, ಅಂದರೆ ನೆಲದಡಿಯ ಕರಗಿದ ಕಲ್ಲಿನೊಳಗಿನ, ಅನಿಲ ನೊರೆಯಾಗಿ ಉಕ್ಕಿ ಸಿಡಿದಾಗ ಗುಳ್ಳೆಗಳ ಗೋಡೆಗಳು ಒಡೆದು, ಹರಳುಗಟ್ಟುವುದಕ್ಕೂ ಸಮಯವಿಲ್ಲದೆ ತಣಿದ ಚೂರುಗಳು ಅವು. ಒಡೆದ ಬಳೆಯ ತುಂಡಿನ ಹಾಗೆ ಬಾಗಿರುತ್ತವೆ. ಮೂರು ಗುಳ್ಳೆ ಕೂಡಿದ ಜಾಗದ ಚೂರಿಗೆ ಮೂರು ಕವಲು ಇರುತ್ತದೆ. ಒಮ್ಮೆ ಕಂಡರೆ ಆ ಆಕಾರ ಮರೆಯುವುದಿಲ್ಲ.

ನಾನು ಅದನ್ನು ಮೊದಲು ಕಂಡದ್ದು ವಿದ್ಯಾರ್ಥಿನಿಯಾಗಿ ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರಂಗೆ ಹೋದಾಗ. ಅಲ್ಲಿ ಬೂದಿಯ ಪದರ ಆಳೆತ್ತರಕ್ಕೂ ಮೀರಿ ನಿಂತಿದೆ. ಬಿಸಿಲಿಗೆ ಕಣ್ಣು ಬಿಡಲಾಗದಷ್ಟು ಬಿಳುಪು. ನಾನು ಮೇಲಿನಿಂದ ಕೆಳಗಿನವರೆಗೆ ಕೆರೆದು ಒಂದೇ ಚೀಲಕ್ಕೆ ತುಂಬಿದ್ದೆ. ಗುರುಗಳು ಅದನ್ನು ನೋಡಿ ಚೀಲವನ್ನು ಅಲ್ಲೇ ಸುರಿಸಿದರು. ಆಕಾಶದಿಂದ ನೇರವಾಗಿ ಬಿದ್ದದ್ದು ಬುಡದ ಕೆಲವೇ ಸೆಂಟಿಮೀಟರ್. ಮಿಕ್ಕದ್ದೆಲ್ಲ ಸುತ್ತಲಿನ ಇಳಿಜಾರಿನಿಂದ ಮಳೆನೀರು ತೊಳೆದು ತಂದು ತುಂಬಿದ ಬೂದಿ, ಜೊತೆಗೆ ಬೇರೆ ಮಣ್ಣೂ ಸೇರಿರುತ್ತದೆ. ಎರಡನ್ನೂ ಬೆರೆಸಿದರೆ ಕಾಲವೂ ಬೆರೆತುಹೋಗುತ್ತದೆ. ಬುಡದಿಂದ ಹೊಸದಾಗಿ ಕತ್ತರಿಸಿಕೊಂಡು ಬಂದೆ.

ಕಾಲ ಹೇಳುವುದರಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಮೊದಲನೆಯದು ಗುರುತು ಹಚ್ಚುವುದು. ಸಣ್ಣ ಎಲೆಕ್ಟ್ರಾನ್ ಕಿರಣವನ್ನು ಒಂದೊಂದು ಗಾಜಿನ ಚೂರಿನ ಮೇಲೆ ಹಾಯಿಸಿ ಸಿಲಿಕಾ, ಪೊಟ್ಯಾಶಿಯಂ, ಕಬ್ಬಿಣ, ಕ್ಯಾಲ್ಸಿಯಂ ಎಷ್ಟೆಷ್ಟಿದೆ ಎಂದು ಅಳೆಯುತ್ತಾರೆ. ಆ ಪ್ರಮಾಣಗಳು ಜ್ವಾಲಾಮುಖಿಯಿಂದ ಜ್ವಾಲಾಮುಖಿಗೆ, ಎಷ್ಟೋ ಸಲ ಒಂದೇ ಜ್ವಾಲಾಮುಖಿಯ ಸ್ಫೋಟದಿಂದ ಸ್ಫೋಟಕ್ಕೆ ಬದಲಾಗುತ್ತವೆ. ಎರಡು ಊರಿನ ಬೂದಿ ಒಂದೇ ಎಂದು ಗೊತ್ತಾದರೆ ಆ ಎರಡು ಊರಿನ ನೆಲದಲ್ಲಿ ಅದೇ ಕಾಲದ ಗೆರೆ ಎಳೆದಂತಾಯಿತು. ಈ ಶಾಸ್ತ್ರಕ್ಕೆ ಹೆಸರಿಟ್ಟು ಬೆಳೆಸಿದವರು ಐಸ್‌ಲ್ಯಾಂಡಿನ ಸಿಗುರ್ಡುರ್ ಥೋರಾರಿನ್ಸನ್, 1940ರ ದಶಕದಲ್ಲಿ.

ಎರಡನೆಯ ಕೆಲಸ ಆ ಗೆರೆಗೆ ವರ್ಷ ಬರೆಯುವುದು. ಬೂದಿಯ ಜೊತೆ ಬಂದ ಪೊಟ್ಯಾಶಿಯಂ ಇರುವ ಹರಳುಗಳಲ್ಲಿ ಪೊಟ್ಯಾಶಿಯಂ-40 ಎಂಬ ವಿಕಿರಣಶೀಲ ಬಗೆಯ ಒಂದು ಪಾಲು ಬಹಳ ನಿಧಾನವಾಗಿ ಆರ್ಗಾನ್ ಅನಿಲವಾಗುತ್ತದೆ. ಪೊಟ್ಯಾಶಿಯಂ-40ರ ಅರ್ಧಾಯು, ಅಂದರೆ ಇದ್ದದ್ದರಲ್ಲಿ ಅರ್ಧ ಬೇರೆಯಾಗಿ ಬದಲಾಗಲು ಹಿಡಿಯುವ ಕಾಲ, 125 ಕೋಟಿ ವರ್ಷ. ಶಿಲಾಪಾಕ ಕುದಿಯುತ್ತಿರುವಾಗ ಆರ್ಗಾನ್ ತಪ್ಪಿಸಿಕೊಳ್ಳುತ್ತದೆ, ಹರಳು ತಣಿದ ಗಳಿಗೆಯಿಂದ ಒಳಗೇ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡದ್ದನ್ನು ಅಳೆದರೆ ವಯಸ್ಸು. ಟೋಬಾದ ದೊಡ್ಡ ಸ್ಫೋಟಕ್ಕೆ ಸುಮಾರು 74,000 ವರ್ಷ ಎಂಬ ಲೆಕ್ಕ ಹೀಗೆ ಬಂದದ್ದು. ಇದ್ದಿಲಿನಿಂದ ಕಾಲ ಹೇಳುವ ಇಂಗಾಲ-14 ವಿಧಾನ ಸುಮಾರು 50,000 ವರ್ಷಕ್ಕೆ ನಿಂತುಹೋಗುವುದರಿಂದ ಇಲ್ಲಿ ನೆರವಿಗೆ ಬಾರದು.

ಜ್ವಾಲಾಪುರಂನಲ್ಲಿ ಈ ಗೆರೆಯಿಂದ ಏನು ತಿಳಿಯಿತು ನೋಡಿ. ಮೈಕೆಲ್ ಪೆಟ್ರಾಗ್ಲಿಯಾ, ಧಾರವಾಡದ ರವಿ ಕೋರಿಶೆಟ್ಟರ್ ಮೊದಲಾದವರ ತಂಡ 2007ರಲ್ಲಿ ಪ್ರಕಟಿಸಿದಂತೆ, ಬೂದಿಯ ಕೆಳಗೂ ಮೇಲೂ ಕಲ್ಲಿನ ಆಯುಧಗಳಿದ್ದವು, ಎರಡೂ ಬಹಳ ಹೋಲುತ್ತಿದ್ದವು. ಆಕಾಶವೇ ಬೂದಿಯಾದ ಮೇಲೂ ಆ ಕಣಿವೆಯಲ್ಲಿ ಜನ ಬದುಕಿ ಮುಂದುವರಿದರು ಎಂಬುದು ಅವರ ವಾದ. ಬೂದಿಯಿಲ್ಲದಿದ್ದರೆ ಆ ಕಲ್ಲುಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳಲು ಇಷ್ಟು ಖಚಿತವಾದ ಆಧಾರ ಇರುತ್ತಿರಲಿಲ್ಲ.

ಎಡವುವುದೂ ಉಂಟು. ಪುಣೆ ಜಿಲ್ಲೆಯಲ್ಲಿ ಕುಕಡಿ ನದಿಯ ದಂಡೆಯ ಬೋರಿ ಎಂಬಲ್ಲಿನ ಬೂದಿಗೆ ಒಮ್ಮೆ 14 ಲಕ್ಷ ವರ್ಷ ಎಂದರು, ಇನ್ನೊಮ್ಮೆ 6.7 ಲಕ್ಷ ಎಂದರು. ಗಾಜಿನ ರಸಾಯನ ನೋಡಿದವರು ಇದು 74,000 ವರ್ಷದ ಟೋಬಾವೇ ಎಂದರು. ಅಲ್ಲ, ಟೋಬಾದ್ದೇ ಇನ್ನೂ ಹಳೆಯ ಸ್ಫೋಟದ್ದು ಎನ್ನುವವರೂ ಇದ್ದಾರೆ. ಆ ಸೀಮೆಯ ನೆಲವೆಲ್ಲ 6.6 ಕೋಟಿ ವರ್ಷ ಹಳೆಯ ದಖ್ಖನ್ ಬಸಾಲ್ಟ್. ಅದರ ನಾಲ್ಕು ಕಣ ಬೂದಿಯೊಳಗೆ ಸೇರಿದರೂ ವಯಸ್ಸು ಎಲ್ಲಿಂದೆಲ್ಲಿಗೋ ಏರಿಬಿಡುತ್ತದೆ. ಅಂದು ನನ್ನ ಚೀಲವನ್ನು ಸುರಿಸಿದ ಕಾರಣ ನನಗೆ ಪೂರ್ತಿ ಅರ್ಥವಾದದ್ದು ಬೋರಿಯ ಈ ಜಗಳವನ್ನು ಓದಿದ ಮೇಲೆ.

ಹಾಗಾದರೆ ಮಲೆನಾಡಿನ ಮೇಲೆ ಟೋಬಾದ ಬೂದಿ ಬೀಳಲೇ ಇಲ್ಲವೇ? ಬಿದ್ದಿರಲೇಬೇಕು ಎಂಬುದು ನನ್ನ ನಂಬಿಕೆ. ಬಂಗಾಳ ಕೊಲ್ಲಿಯ ತಳದಲ್ಲಿ ಅದೇ ಗಾಜು ಸಿಕ್ಕಿದೆ, ಅರಬ್ಬಿ ಸಮುದ್ರದ ತಳದಲ್ಲೂ ಸಿಕ್ಕಿದೆ. ನಡುವೆ ನಿಂತಿರುವ ಸಹ್ಯಾದ್ರಿಯನ್ನು ಅದು ತಪ್ಪಿಸಿಕೊಂಡು ಹೋಗಿರಲಾರದು. ಬಿದ್ದದ್ದು ಉಳಿಯಲಿಲ್ಲ, ಅಷ್ಟೇ. ಕಡಿದಾದ ಗುಡ್ಡ, ಆಗುಂಬೆಯಂಥ ಮಳೆ, ಹುಳಿ ಮಣ್ಣು. ಗಾಜಿನ ಚೂರು ಇಲ್ಲಿ ಕೊಚ್ಚಿಹೋಗುತ್ತದೆ, ಇಲ್ಲವೇ ಕೊಳೆತು ಜೇಡಿಯಾಗುತ್ತದೆ.

ಆದರೆ ಇದೇ ನೆಲದಲ್ಲಿ ಟೋಬಾವನ್ನು ನಿನ್ನೆಯದೆನಿಸುವ ಬೂದಿ ಇದೆ. ಬಾಬಾಬುಡನ್‌ಗಿರಿ ಸಾಲಿನ ಪಟ್ಟೆಪಟ್ಟೆಯ ಕಬ್ಬಿಣದ ಶಿಲೆಯ ನಡುವೆ ಬೂದಿ ಬಿದ್ದು ಕಲ್ಲಾದ ಪದರಗಳಿವೆ. ಗಾಜು ಎಂದೋ ಅಳಿದಿದೆ, ಜಿರ್ಕಾನ್ ಎಂಬ ಹರಳು ಮಾತ್ರ ಅಳಿದಿಲ್ಲ. ಅದು ಹುಟ್ಟುವಾಗ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ಪೂರ್ತಿ ದೂರವಿಡುತ್ತದೆ. ಆದ್ದರಿಂದ ಇಂದು ಒಳಗಿರುವ ಸೀಸ ಬಹುಪಾಲು ಯುರೇನಿಯಂ ನಿಧಾನವಾಗಿ ಬದಲಾಗಿ ಆದದ್ದು. ಆ ಲೆಕ್ಕದಲ್ಲಿ ಆ ಬೂದಿ ಬಿದ್ದು ಸುಮಾರು 272 ಕೋಟಿ ವರ್ಷ. ನಮ್ಮ ಶಿವಮೊಗ್ಗ ಶಿಲಾಪಟ್ಟಿಯ ದಾಗಿನಕಟ್ಟೆಯ ಜ್ವಾಲಾಮುಖಿ ಶಿಲೆಗೆ ಇದೇ ವಿಧಾನದಲ್ಲಿ ಸುಮಾರು 261 ಕೋಟಿ ವರ್ಷ ಬಂದಿದೆ.

ಈಗ ನಿಮ್ಮ ಬಾವಿಯ ವಿಷಯ. ರಿಂಗ್ ಇಳಿಸುವ ಮೊದಲು ಗೋಡೆಗೆ ಅಳತೆಪಟ್ಟಿ ಹಿಡಿದು ಫೋಟೋ ತೆಗೆಯಿರಿ. ಆಮೇಲೆ ಅದನ್ನು ಯಾರೂ ನೋಡಲಾಗದು. ಬಿಳಿ ಪದರದ ಬುಡ, ನಡು, ತುದಿ ಮೂರರಿಂದಲೂ ಬೇರೆ ಬೇರೆ ಹೆಂಟೆ ತೆಗೆದು, ಮೇಲ್ಮುಖ ಯಾವುದೆಂದು ಬಾಣ ಬರೆದು, ಬೇರೆ ಬೇರೆ ಕಾಗದದಲ್ಲಿ ಕಟ್ಟಿಡಿ. ಬೆಣಚುಕಲ್ಲಿನ ಗೆರೆ ಬಿಳಿಯೊಳಗೆ ಹತ್ತಿದೆಯೋ ನಿಂತಿದೆಯೋ ನೋಡಿ ಬರೆಯಿರಿ. ನಿಂತಿದ್ದರೆ ಜಾಲಿಸಿದ ಪುಡಿಯನ್ನು ಭೂವಿಜ್ಞಾನ ವಿಭಾಗವಿರುವ ಹತ್ತಿರದ ಕಾಲೇಜಿಗೆ ಒಯ್ಯಿರಿ. ಅಲ್ಲಿನ ಸೂಕ್ಷ್ಮದರ್ಶಕದಲ್ಲಿ ಅಡ್ಡ ಹಿಡಿದ ಎರಡು ಧ್ರುವಕಗಳ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಫಿಲ್ಟರುಗಳ) ನಡುವೆ ತಿರುಗಿಸಿದಾಗ ಹರಳಾದರೆ ಬೆಳಗಿ ಬೆಳಗಿ ಆರುತ್ತದೆ, ಗಾಜಾದರೆ ಎತ್ತ ತಿರುಗಿಸಿದರೂ ಕಪ್ಪಾಗಿಯೇ ಇರುತ್ತದೆ.